ಶಹಾಪುರದ 5ಜಿ ಕಣ್ಣಿನ ತಪಾಸಣೆ ಕೇಂದ್ರ: ಹೋಗಬಹುದೇ?

ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿರುವ ಈ ಕೇಂದ್ರದಲ್ಲಿ ಡಾಕ್ಟರ್ ಇಲ್ಲ. ತರಬೇತಾದ ಇಬ್ಬರು ಸಿಬ್ಬಂದಿ, ಕಣ್ಣಿನ ಒಳಪರದೆಯ ಫೋಟೊ ತೆಗೆಯುವ ಒಂದು ಫಂಡಸ್ ಕ್ಯಾಮೆರಾ, ಬೆಳಕಿನ ಸೀಳು ಬಿಟ್ಟು ಕಣ್ಣನ್ನು ದೊಡ್ಡದಾಗಿ ತೋರಿಸುವ, ವಿಡಿಯೋ ಜೋಡಿಸಿದ ಸ್ಲಿಟ್ ಲ್ಯಾಂಪ್ ಮತ್ತು ಒಂದು 5ಜಿ ರೂಟರ್ ಇವೆ. ಡಾಕ್ಟರ್ ಕಲಬುರಗಿಯಲ್ಲಿ ಕೂತು ನೋಡುತ್ತಾರೆ. ಶುಗರ್ ಇರುವವರು ವರ್ಷಕ್ಕೊಮ್ಮೆ ಕಣ್ಣು ತೋರಿಸಲು ಇಲ್ಲಿಯವರಿಗೆ ಇದು ಹತ್ತಿರದ ದಾರಿ, ಖಂಡಿತ ಹೋಗಿ. ಆದರೆ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿರುವ 5ಜಿ ಎಲ್ಲ ಕೆಲಸಕ್ಕೂ ಬೇಕಾದದ್ದಲ್ಲ.

ಶುಗರ್ ತಪಾಸಣೆಯನ್ನು ಅಚ್ಚುಕಟ್ಟಾಗಿ ಮಾಡುತ್ತಾರೆ. ಮೊದಲು ಚಾರ್ಟ್ ಓದಿಸುತ್ತಾರೆ. ಪಾಪೆ ಸಣ್ಣದಿದ್ದರೆ ಅದನ್ನು ಅರಳಿಸುವ ಟ್ರಾಪಿಕಮೈಡ್ ಹನಿ ಹಾಕಿ 20ರಿಂದ 30 ನಿಮಿಷ ಕೂರಿಸುತ್ತಾರೆ. ಹನಿಗೆ ಮುಂಚೆ ಪಕ್ಕದಿಂದ ಟಾರ್ಚ್ ಬಿಟ್ಟು ಕಣ್ಣಿನ ಮುಂಭಾಗ ಇಕ್ಕಟ್ಟಾಗಿದೆಯೇ ಎಂದು ನೋಡುವುದು ಮೆಚ್ಚಬೇಕಾದ ಮಾತು. ಅಂಥ ಕಣ್ಣಿಗೆ ಹನಿ ಬಿದ್ದರೆ ಒತ್ತಡ ದಿಢೀರನೆ ಏರಬಹುದು. ಆಮೇಲೆ ಒಂದೊಂದು ಕಣ್ಣಿಗೆ 45 ಡಿಗ್ರಿಯ ಎರಡು ಫೋಟೊ: ಒಂದರ ನಡುವೆ ಮ್ಯಾಕ್ಯುಲಾ (ನೇರ ನೋಟ ಕೊಡುವ ರೆಟಿನಾದ ನಡುಭಾಗ), ಇನ್ನೊಂದರ ನಡುವೆ ದೃಷ್ಟಿನರದ ತಲೆ. ಹನಿ ಹಾಕಿಸಿಕೊಂಡರೆ ನಾಲ್ಕೈದು ತಾಸು ಗಾಡಿ ಓಡಿಸುವಂತಿಲ್ಲ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.

ಈ ನಾಲ್ಕು ಫೋಟೊ ಕಳಿಸಲು 4ಜಿ ಸಾಕು. ಒಂದೊಂದು 5 ಎಂಬಿ ಎಂದು ಹಿಡಿದರೂ ಒಟ್ಟು 20 ಎಂಬಿ. ಅಪ್‌ಲೋಡ್ 5 ಎಂಬಿಪಿಎಸ್ (ಸೆಕೆಂಡಿಗೆ 5 ಮೆಗಾಬಿಟ್; 8 ಬಿಟ್ ಸೇರಿದರೆ 1 ಬೈಟ್) ಇದ್ದರೆ ಅರ್ಧ ನಿಮಿಷದ ಕೆಲಸ. ಕೈಕೊಡುವುದು ನೆಟ್ ಅಲ್ಲ, ಫೋಟೊ. ಪಾಪೆ ಪೂರ್ತಿ ಅರಳದಿದ್ದರೆ ಅಂಚಿನಲ್ಲಿ ಕಪ್ಪು ಚಂದ್ರಾಕಾರ ಮೂಡುತ್ತದೆ, ರೆಪ್ಪೆ ಅಡ್ಡ ಬಂದರೆ ಕೆಳಭಾಗ ಮಸುಕಾಗುತ್ತದೆ. ಲೆನ್ಸಿನ ಮೇಲಿನ ಧೂಳಿನ ಕಣ ಇನ್ನೂ ಮೋಸದ್ದು, ಫೋಟೊದಲ್ಲಿ ರೋಗದ ಚುಕ್ಕೆಯ ಹಾಗೇ ಕಾಣುತ್ತದೆ. ಎರಡೂ ಕಣ್ಣಿನ ಫೋಟೊದಲ್ಲಿ ಚುಕ್ಕೆ ಅದೇ ಜಾಗದಲ್ಲಿದ್ದರೆ ಅದು ಧೂಳು. ಮೋತಿಬಿಂದು (ಕಣ್ಣಿನ ಪೊರೆ) ಬಲಿತ ಕಣ್ಣಿನ ಫೋಟೊ ಎಷ್ಟು ಸಲ ತೆಗೆದರೂ ಮಂಜು ಮಂಜೇ. ಅಂಥವರನ್ನು ಸುಮ್ಮನೆ ಕೂರಿಸದೆ ಆಪರೇಷನ್ ಇರುವ ದವಾಖಾನೆಗೆ ಬರೆದುಕೊಡುತ್ತಾರೆ. ಅವಸರದ ದಿನ ಫೋಟೊವನ್ನು ವಾಟ್ಸಾಪ್‌ನಲ್ಲಿ ಕಳಿಸುವುದುಂಟು, ಅದು ನಿಲ್ಲಬೇಕು. ಅಲ್ಲಿ ಫೋಟೊ ಕುಗ್ಗಿಹೋಗುತ್ತದೆ, ಶುಗರ್‌ನ ಮೊದಲ ಗುರುತಾದ ಸೂಜಿಮೊನೆಯಂಥ ಕೆಂಪು ಚುಕ್ಕೆಗಳೇ ಅಳಿಸಿಹೋಗುತ್ತವೆ.

5ಜಿ ನಿಜವಾಗಿ ಬೇಕಾಗುವುದು ಸ್ಲಿಟ್ ಲ್ಯಾಂಪಿನ ನೇರ ವಿಡಿಯೋಕ್ಕೆ. ತೊಗರಿ ರಾಶಿಯಲ್ಲಿ ಹೊಟ್ಟೋ ಕಡ್ಡಿಯೋ ತಾಗಿ ಕಣ್ಣು ಕೆಂಪಾದವರಿಗೆ ಇದರಿಂದ ದೊಡ್ಡ ಉಪಕಾರ. ಡಾಕ್ಟರ್ ಹೇಳಿದ ಹಾಗೆ ಸಿಬ್ಬಂದಿ ಬೆಳಕಿನ ಸೀಳನ್ನು ಸರಿಸುತ್ತಾರೆ, ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಹುಣ್ಣು ಅಲ್ಲೇ ಕಾಣುತ್ತದೆ. ಮೆಡಿಕಲ್ ಶಾಪಿನಿಂದ ಸ್ಟೆರಾಯ್ಡ್ ಹನಿ ತಂದು ಹಾಕಿಕೊಂಡವರನ್ನು ಆ ಕ್ಷಣವೇ ತಡೆಯಬಹುದು. ಶಿಲೀಂಧ್ರದ ಹುಣ್ಣಿದ್ದರೆ ಆ ಹನಿ ಕಣ್ಣನ್ನೇ ತಿನ್ನುತ್ತದೆ. 1080ಪಿ ವಿಡಿಯೋಕ್ಕೆ ಸುಮಾರು 5 ಎಂಬಿಪಿಎಸ್ ಅಪ್‌ಲೋಡ್ ಎಡೆಬಿಡದೆ ಸಿಗಬೇಕು. ಗೋಡೆಗೆ ಅಂಟಿಸಿರುವ ಸ್ಪೀಡ್ ಟೆಸ್ಟ್ ಹಾಳೆಯಲ್ಲಿ ಡೌನ್‌ಲೋಡ್ ಮಾತ್ರ ಇದೆ, ಇಲ್ಲಿ ಅದರಿಂದ ಏನೂ ತಿಳಿಯದು. ವೇಗ ಕುಸಿದರೆ ವಿಡಿಯೋ ನಿಲ್ಲುವುದಿಲ್ಲ, ನಯವಾಗುತ್ತದೆ. ಅಪಾಯ ಅದರಲ್ಲೇ ಇದೆ. ಕಣ್ಣೊಳಗಿನ ಉರಿಯೂತದಲ್ಲಿ ಬೆಳಕಿನ ಸೀಳಿನಲ್ಲಿ ತೇಲುವ ಸಣ್ಣ ಕಣಗಳನ್ನು ಸಾಫ್ಟ್‌ವೇರ್ ಚಿತ್ರದಲ್ಲಿ ಬೇಡದ ಚುಕ್ಕೆಗಳೆಂದು ಒರೆಸಿಬಿಡುತ್ತದೆ, ಕಣ್ಣು ಶುಭ್ರವಾಗಿರುವಂತೆ ಕಾಣುತ್ತದೆ. ಅನುಮಾನವಿದ್ದಾಗ 10 ಸೆಕೆಂಡಿನ ವಿಡಿಯೋವನ್ನು ಪೂರ್ಣ ಗುಣಮಟ್ಟದಲ್ಲಿ ರೆಕಾರ್ಡ್ ಮಾಡಿ ಫೈಲಾಗಿ ಕಳಿಸುವುದೇ ಸರಿ.

ರೂಟರ್ ಒಳಕೋಣೆಯಲ್ಲಿದೆ. 3.5 ಗಿಗಾಹರ್ಟ್ಸ್‌ನ 5ಜಿ ಅಲೆ ದಪ್ಪ ಕಲ್ಲುಗೋಡೆ ದಾಟಿ ಬರುವಷ್ಟರಲ್ಲಿ ಸೊರಗಿರುತ್ತದೆ; ಟವರ್ ಕಡೆಯ ಕಿಟಕಿಗೆ ಸರಿಸಿದರೆ ಸಾಕು. ಇನ್ನೊಂದು, ಕ್ಯಾಮೆರಾ ಮತ್ತು ಕಂಪ್ಯೂಟರ್ ಯುಪಿಎಸ್‌ಗೆ ಸೇರಿವೆ, ರೂಟರ್ ಸೇರಿಲ್ಲ. ಕರೆಂಟ್ ಹೋದ ಕೂಡಲೇ ಪರೀಕ್ಷೆ ಅರ್ಧಕ್ಕೆ ನಿಲ್ಲುತ್ತದೆ. ಹತ್ತಾರು ವ್ಯಾಟ್ ಮಾತ್ರ ತಿನ್ನುವ ಡಬ್ಬಿಗೆ ಒಂದು ಪ್ಲಗ್ ಕೊಡಲು ಏನು ಕಷ್ಟ?

ಕಾಚಬಿಂದುವಿನ (ಗ್ಲಾಕೋಮಾ, ದೃಷ್ಟಿನರ ಹಾಳಾಗುವ ರೋಗ) ಅನುಮಾನವಿದ್ದವರಿಗೆ ಇಲ್ಲಿಯ ಫೋಟೊ ಒಂದೇ ಸಾಲದು. ನರದ ತಲೆಯ ಗುಳಿ ಕಾಣುತ್ತದೆ, ಒತ್ತಡ ಕಾಣುವುದಿಲ್ಲ. ಅದನ್ನು ಅಳೆಯಲೇಬೇಕು, ಸಾಮಾನ್ಯ ಮಿತಿ 10ರಿಂದ 21 ಮಿಮೀ ಪಾದರಸ. ದೃಷ್ಟಿಕ್ಷೇತ್ರದ ಪರೀಕ್ಷೆಗೂ ಬೇರೆಡೆ ಹೋಗಬೇಕು.

ಕಣ್ಣೊಳಗೆ ಮಿಂಚು, ಒಮ್ಮೆಲೇ ಕಪ್ಪು ಚುಕ್ಕೆಗಳ ಸುರಿಮಳೆ, ಪಕ್ಕದಿಂದ ಪರದೆ ಇಳಿದ ಹಾಗೆ ಆದರೆ ಇಲ್ಲಿ ಪಾಳಿ ಹಚ್ಚಬೇಡಿ. ಅವತ್ತೇ ರೆಟಿನಾ ಡಾಕ್ಟರ್ ಇರುವ ದೊಡ್ಡ ದವಾಖಾನೆಗೆ ಹೋಗಿ.

ವರದಿ ಪೂರ್ತಿ ಇಂಗ್ಲಿಷಿನಲ್ಲಿ ಬರುತ್ತದೆ. ಹೊರಡುವ ಮುಂಚೆ ಮುಂದಿನ ತಪಾಸಣೆಯ ತಿಂಗಳನ್ನು ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ, ನಾಲ್ಕೂ ಫೋಟೊಗಳ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಕೇಳಿ ಪಡೆಯಿರಿ. ಮುಂದಿನ ವರ್ಷ ಡಾಕ್ಟರ್ ಪಕ್ಕದಲ್ಲಿಟ್ಟು ನೋಡುವುದು ಅವನ್ನೇ.