ಲಂಟಾನ ಕುರ್ಚಿ ಕೊಡಗಿನ ಮಳೆ ತಡೆಯುತ್ತಾ?

ತಡೆಯುತ್ತದೆ. ಲಂಟಾನ ಎಂಬ ಕಳೆಗಿಡದ ಕೋಲಿನಿಂದ ಮಾಡಿ, ನಮ್ಮ ಹೋಂಸ್ಟೇ ಜಗಲಿಯಲ್ಲಿ ಒಂದು ಪೂರ್ತಿ ಮಳೆಗಾಲ ಕಳೆದ ಕುರ್ಚಿಗಳ ಬಗ್ಗೆ ಹೇಳುತ್ತಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಬಟ್ಟೆ ಒಣಗುವುದಿಲ್ಲ, ಬೆಂಕಿಕಡ್ಡಿ ಹತ್ತುವುದಿಲ್ಲ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ದಕ್ಷಿಣ ಕೊಡಗಿನ ಶ್ರೀಮಂಗಲ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಜಾಗದಲ್ಲಿ ನಾಲ್ಕು ಕುರ್ಚಿ, ಒಂದು ಟೀಪಾಯಿ, ಎರಡು ಲ್ಯಾಂಪ್‌ಶೇಡ್ ಇಟ್ಟು ನೋಡಿದ್ದೇನೆ. ಅದಕ್ಕೂ ಮುಂಚೆ ನಮ್ಮಲ್ಲಿ ಬಿದಿರಿನ ಸೆಟ್ ಇತ್ತು. ನೋಡಲು ಚೆಂದ. ಆದರೆ ಹುಳ ಹಿಡಿದು ಬೆಳಿಗ್ಗೆ ಗುಡಿಸುವಾಗೆಲ್ಲ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿರುತ್ತಿತ್ತು. ಲಂಟಾನದ ಕುರ್ಚಿ ಕೆಳಗೆ ಇವತ್ತಿನ ತನಕ ಅಂಥ ಪುಡಿ ಕಂಡಿಲ್ಲ. ಗೆದ್ದಲೂ ಮುಟ್ಟಿಲ್ಲ.

ಇವನ್ನು ಮಾಡುವ ಜಾಗ ಕುಟ್ಟ ರಸ್ತೆಯಲ್ಲಿದೆ. ಹಳೇ ಕಾಫಿ ಗೋಡೌನ್, ಮುಂದೆ ಕಾಫಿ ಒಣಗಿಸುವ ಕಣ. ಅದೇ ವರ್ಕ್‌ಶಾಪ್, ಅದೇ ಅಂಗಡಿ. ಹೆಸರು ಬರೆಯಬೇಡಿ ಎಂದು ಅವರೇ ಕೇಳಿಕೊಂಡರು. ಈಗಿರುವ ಆರ್ಡರ್ ಮುಗಿಸಲಿಕ್ಕೇ ಕೈ ಸಾಲುತ್ತಿಲ್ಲವಂತೆ. ಮೈಸೂರಿನಲ್ಲಿ ಶಿಲ್ಪಕಲೆ ಓದಿ ಊರಿಗೆ ವಾಪಸ್ ಬಂದ ಒಬ್ಬ ಹೆಣ್ಣುಮಗಳು ಇದನ್ನು ನಡೆಸುತ್ತಾರೆ. ಲೆಕ್ಕಪತ್ರ, ಸಾಗಾಟ ಗಂಡನದ್ದು. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹತ್ತಿರದ ಹಾಡಿಗಳ (ಆದಿವಾಸಿ ಕೇರಿಗಳ) ಜೇನುಕುರುಬರು ಮತ್ತು ಯರವರು. ಮೇಸ್ತ್ರಿಯೂ ಜೇನುಕುರುಬರೇ. ಡಿಸೈನ್ ಆಕೆಯದಾದರೂ ಯಾವ ಕೋಲು ಎಲ್ಲಿ ಬಗ್ಗುತ್ತದೆ, ಎಲ್ಲಿ ಸೀಳುತ್ತದೆ ಎನ್ನುವ ತೀರ್ಮಾನ ಮೇಸ್ತ್ರಿಯದು. ಅವರು ಬೇಡ ಎಂದ ಕೋಲನ್ನು ಆಕೆ ವಾದ ಮಾಡದೆ ಬಿಸಾಕುವುದನ್ನು ನೋಡಿದೆ. ನನಗೆ ಈ ಜಾಗದ ಮೇಲೆ ನಂಬಿಕೆ ಬಂದದ್ದು ಅಲ್ಲೇ.

ಲಂಟಾನ ಗೊತ್ತಲ್ವಾ? ಬೇಲಿ ಬದಿಯಲ್ಲಿ ಹಳದಿ, ಕೇಸರಿ, ಗುಲಾಬಿ ಬಣ್ಣದ ಗೊಂಚಲು ಹೂವು ಬಿಡುವ ಗಿಡ. ಎಲೆ ಉಜ್ಜಿದರೆ ಘಾಟು ವಾಸನೆ. ಅಮೆರಿಕ ಖಂಡದ್ದು. 19ನೇ ಶತಮಾನದ ಶುರುವಿನಲ್ಲಿ ಬ್ರಿಟಿಷರು ಅಲಂಕಾರಕ್ಕೆಂದು ಕಲ್ಕತ್ತಾದ ತೋಟಕ್ಕೆ ತಂದರು. ಅಲ್ಲಿಂದ ಹೊರಟದ್ದು ಎಲ್ಲೂ ನಿಲ್ಲಲಿಲ್ಲ. ದೇಶದಲ್ಲಿ ಹುಲಿ ಓಡಾಡುವ ಕಾಡಿನ ಶೇ 40ಕ್ಕೂ ಹೆಚ್ಚು ಭಾಗಕ್ಕೆ ಇದು ನುಗ್ಗಿದೆ ಎಂದು 2020ರಲ್ಲಿ ಬಂದ ಒಂದು ಅಧ್ಯಯನ ಹೇಳಿತು. ನಮ್ಮ ಪಕ್ಕದ ನಾಗರಹೊಳೆಯಲ್ಲೇ ನೋಡಿ. ಸಫಾರಿ ಹೋಗಿ ಬಂದ ಗೆಸ್ಟ್‌ಗಳು ಪ್ರಾಣಿ ಕಾಣಲಿಲ್ಲ ಎಂದು ಮುಖ ಸಣ್ಣ ಮಾಡಿಕೊಂಡು ಬರುತ್ತಾರೆ. ರಸ್ತೆಯ ಎರಡೂ ಬದಿ ಆಳೆತ್ತರದ ಪೊದೆ ಇದ್ದರೆ ಕಾಣುವುದಾದರೂ ಹೇಗೆ? ಅದರ ಕೆಳಗೆ ಹುಲ್ಲು ಬರುವುದಿಲ್ಲ. ಎಲೆ ತಿಂದರೆ ದನಕ್ಕೆ ವಿಷ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದರೆ ಇದೇ ಪೊದೆ ಹತ್ತಿಕೊಂಡು ಬೆಂಕಿಯನ್ನು ಮರದ ಮೇಲಕ್ಕೆ ಏರಿಸುತ್ತದೆ.

ಈ ವರ್ಕ್‌ಶಾಪಿಗೆ ಬರುವ ಕೋಲು ಮಾತ್ರ ಕಾಡಿನದ್ದಲ್ಲ. ಕಾಫಿ ತೋಟದ ಅಂಚು, ಪಾಳು ಬಿದ್ದ ಗದ್ದೆ, ರಸ್ತೆ ಬದಿಯ ಖಾಸಗಿ ಜಾಗ, ಇಷ್ಟೇ. ಇದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ.

ಕೆಲಸದ ಕ್ರಮ ನೋಡಿದ ಮೇಲೆ ನಾನು ಚೌಕಾಸಿ ಮಾಡುವುದನ್ನು ಬಿಟ್ಟೆ. ಮೊದಲು ಕೋಲು ಆಯಬೇಕು. ಲಂಟಾನ ಸೊಟ್ಟಗೆ, ಗಂಟು ಗಂಟಾಗಿ ಬೆಳೆಯುವ ಗಿಡ. ಒಂದು ದೊಡ್ಡ ಪೊದೆಯಲ್ಲಿ ಕುರ್ಚಿಗೆ ಆಗುವಂಥ ಕೋಲು ಹತ್ತಿಪ್ಪತ್ತು ಸಿಕ್ಕರೆ ಅದೇ ಹೆಚ್ಚು ಎಂದರು ಮೇಸ್ತ್ರಿ. ಆಮೇಲೆ ಉದ್ದನೆಯ ಡ್ರಮ್ಮಿನಲ್ಲಿ ನೀರು ಹಾಕಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಒಲೆಗೆ ಸೌದೆ ಯಾವುದು ಅಂದುಕೊಂಡಿರಿ? ಆಯ್ಕೆಯಲ್ಲಿ ಬಿದ್ದುಹೋದ ಸೊಟ್ಟ ಲಂಟಾನವೇ. ಬೆಂದ ಕೋಲನ್ನು ಬಿಸಿ ಇರುವಾಗಲೇ ಸುಲಿಯಬೇಕು. ಹೆಂಗಸರು ಕಣದಲ್ಲಿ ಸಾಲಾಗಿ ಕೂತು ಸುಲಿಯುತ್ತಾರೆ. ಬೆರಳಿಗೆ ಬಟ್ಟೆ ಸುತ್ತಿಕೊಂಡಿರುತ್ತಾರೆ. ಮುಳ್ಳು ಹೋಗಿ ಒಳಗಿನ ಬಿಳಿ ಕೋಲು ಸಿಕ್ಕ ಮೇಲೆ ದಪ್ಪದ್ದು ಚೌಕಟ್ಟಿಗೆ, ಸಪೂರದ್ದು ಬಗ್ಗಿಸಿ ಹೆಣೆಯಲಿಕ್ಕೆ. ಜೋಡಣೆಗೆ ಮೊಳೆ. ಕಡೆಗೆ ಮರಳು ಕಾಗದ, ವಾರ್ನಿಷ್.

ಕುರ್ಚಿಗೆ 4,200 ರೂಪಾಯಿ ಕೊಟ್ಟೆ. ಟೀಪಾಯಿಗೆ 3,500, ಲ್ಯಾಂಪ್‌ಶೇಡ್ ಒಂದಕ್ಕೆ 1,100. "ಅಲ್ಲಾ, ಬೇಲಿ ಗಿಡಕ್ಕೆ ಇಷ್ಟು ದುಡ್ಡಾ?" ಎಂದರು ನಮ್ಮ ಯಜಮಾನರು. ಗಿಡ ಬಿಟ್ಟಿ, ಸರಿ. ಸುಲಿಯುವ ಕೈ ಬಿಟ್ಟಿ ಅಲ್ಲ. ಈಗ ಸಂಜೆ ಕಾಫಿಗೆ ಆ ಕುರ್ಚಿ ಬಿಟ್ಟು ಬೇರೆ ಕಡೆ ಅವರು ಕೂರುವುದಿಲ್ಲ.

ಕೂರಲು ನಿಜಕ್ಕೂ ಹಿತವಾಗಿದೆ. ಬೆನ್ನಿನ ಕಡೆ ಹೆಣಿಗೆ ಸ್ವಲ್ಪ ಬಗ್ಗುತ್ತದೆ. ದಪ್ಪ ಇರುವವರು ಕೂತರೂ ಕಿರ್ ಎನ್ನುವುದಿಲ್ಲ. ಟೀಪಾಯಿ ಅಷ್ಟಕ್ಕಷ್ಟೇ. ಮೇಲ್ಭಾಗ ಮಟ್ಟಸವಾಗಿಲ್ಲ, ಲೋಟ ಅಲ್ಲಾಡುತ್ತದೆ. ಗಾಜು ಹಾಕಿಸಿದ ಮೇಲೆ ಸರಿಹೋಯಿತು, ಅದರ ಖರ್ಚು ಬೇರೆ. ಲ್ಯಾಂಪ್‌ಶೇಡ್ ಮಾತ್ರ ಬಲು ಚೆಂದ. ಲೈಟ್ ಹಾಕಿದರೆ ಗೋಡೆ ತುಂಬ ಗೆರೆ ಗೆರೆ ನೆರಳು. ಗೆಸ್ಟ್‌ಗಳು ಮೊದಲು ಫೋಟೊ ತೆಗೆಯುವುದೇ ಅದನ್ನು. ಜೇಡವೂ ಮೊದಲು ಬಲೆ ಕಟ್ಟುವುದು ಅದರಲ್ಲೇ.

ದೂರುಗಳೂ ಇವೆ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಬೇಕು ಎಂದು ಹೇಳಿದ ಸಾಮಾನು ಬಂದದ್ದು ಸಂಕ್ರಾಂತಿ ಹತ್ತಿರ. ಕಾರಣ ಕೇಳಿದರೆ ಕಾಫಿ ಕುಯ್ಲು. ಕುಯ್ಲಿನ ಸಮಯದಲ್ಲಿ ಸುಲಿಯುವ ಹೆಂಗಸರು ತೋಟಕ್ಕೆ ಹೋಗುತ್ತಾರೆ, ಅಲ್ಲಿ ಕೂಲಿ ಜಾಸ್ತಿ. ನಮ್ಮ ತೋಟಕ್ಕೂ ಆಳು ಬೇಕಲ್ಲ, ನಾನು ಏನು ಹೇಳಲಿ? ಆದರೆ ಆಗುವುದಿಲ್ಲ ಎಂದು ಮುಂಚೆಯೇ ಹೇಳಬಹುದಿತ್ತು. ಎರಡನೆಯದು ಮೊಳೆ. ಒಂದು ಕುರ್ಚಿಯ ಕೈ ಕೆಳಗೆ ಮೊಳೆ ತಲೆ ಎದ್ದಿತ್ತು, ನನ್ನ ಒಳ್ಳೇ ಸೀರೆಗೆ ಸಿಕ್ಕಿಕೊಂಡಿತು. ಹೇಳಿ ಕಳಿಸಿದ ವಾರದಲ್ಲೇ ಬಂದು ಸರಿಮಾಡಿ ಹೋದರು. ಮೂರನೆಯದು, ಕೋಲು ಕತ್ತರಿಸಿದ ತುದಿಗಳಿಗೆ ವಾರ್ನಿಷ್ ತೆಳ್ಳಗೆ ಹಚ್ಚುತ್ತಾರೆ. ಆಗಸ್ಟ್ ಹೊತ್ತಿಗೆ ಅಲ್ಲಿ ಕಪ್ಪು ಚುಕ್ಕೆ ಬಂತು. ಒಣ ಬಟ್ಟೆಯಲ್ಲಿ ಒರೆಸಿ, ಬಿಸಿಲು ಬಂದಾಗ ಹೊರಗಿಟ್ಟು, ಇನ್ನೊಂದು ಕೋಟ್ ಹೊಡೆದೆವು. ಕುರ್ಚಿಯ ಎತ್ತರವೂ ಕಡಿಮೆ. ಮಂಡಿ ನೋವು ಇರುವವರು ಎರಡು ಇಂಚು ಎತ್ತರಿಸಿ ಎಂದು ಮೊದಲೇ ಹೇಳಿ. ಮಾಡಿಕೊಡುತ್ತಾರೆ.

ಇನ್ನು ಬಂದವರನ್ನು ಕರೆದುಕೊಂಡು ಹೋಗಿ ಲಂಟಾನ ಕೀಳಿಸುವ ಅವರ ಅರ್ಧ ದಿನದ ಹೊರಗಿನ ಕೆಲಸ. ತಲೆಗೆ 900 ರೂಪಾಯಿ, ತಿಂಡಿ ಸೇರಿ. ಅಕ್ಕಿ ರೊಟ್ಟಿ, ಕುಂಬಳಕಾಯಿ ಪಲ್ಯ, ಬೆಲ್ಲದ ಕಾಫಿ. ನನ್ನ ಗೆಸ್ಟ್‌ಗಳನ್ನು ಕಳಿಸುವ ಮುಂಚೆ ನಾನೇ ಹೋಗಿ ನೋಡಬೇಕು ಅಲ್ವಾ? ಹೋದೆ. ಏಳು ಗಂಟೆಗೆ ಗಮ್‌ಬೂಟು, ದಪ್ಪ ಗ್ಲೌಸು ಕೊಟ್ಟು ತೋಟದ ಅಂಚಿಗೆ ಕರೆದುಕೊಂಡು ಹೋದರು. ಜಿಗಣೆಗೆ ಉಪ್ಪಿನ ಪೊಟ್ಟಣ. ಸುಮ್ನೆ ನಡೆದು ಹಕ್ಕಿ ನೋಡಿ ಬರುವ ಕಾರ್ಯಕ್ರಮ ಎಂದುಕೊಂಡು ಬಂದ ಬೆಂಗಳೂರಿನ ಇಬ್ಬರು ಹುಡುಗರ ಕೈಗೆ ಗುದ್ದಲಿ ಬಂತು.

ಲಂಟಾನವನ್ನು ಮೇಲೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಅದೂ ಮುಂಚಿಗಿಂತ ಒತ್ತಾಗಿ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಜೊತೆಯವರು ಇದಕ್ಕೊಂದು ಉಪಾಯ ಕಂಡುಕೊಂಡು 2009ರಲ್ಲಿ ಪ್ರಕಟಿಸಿದರು. ಚಿಗುರು ಹೊರಡುವ ಜಾಗ ಬುಡದಲ್ಲೇ ಇರುತ್ತದೆ. ಅದಕ್ಕಿಂತ ಸ್ವಲ್ಪ ಕೆಳಗೆ, ಮಣ್ಣಿನೊಳಗೆ ತಾಯಿಬೇರನ್ನು ಕತ್ತರಿಸಬೇಕು. ಆಮೇಲೆ ಇಡೀ ಪೊದೆಯನ್ನು ಎತ್ತಿ ತಲೆಕೆಳಗು ಮಾಡಿ ಇಟ್ಟರೆ ಅಲ್ಲೇ ಒಣಗುತ್ತದೆ. ಔಷಧಿ ಬೇಡ, ಬೆಂಕಿ ಬೇಡ. ಇಲ್ಲಿ ಮಾಡಿಸುವುದು ಇದನ್ನೇ. ಹೇಳಿದಷ್ಟು ಸುಲಭ ಇಲ್ಲ. ನಾನು ಪೊದೆ ಹಿಡಿದು ಜಗ್ಗುತ್ತಿದ್ದಾಗ ಮೇಸ್ತ್ರಿ ಬಂದು "ಅಮ್ಮಾ, ಎಳೀಬೇಡಿ. ಕತ್ತರಿಸಿ, ಆಮೇಲೆ ತಿರುಗಿಸಿ" ಎಂದರು. ಅವರು ಮೂರು ಪೊದೆ ಮಗುಚುವಷ್ಟರಲ್ಲಿ ನಮ್ಮದು ಒಂದು.

ಅಷ್ಟಾದರೂ ಮುಗಿಯುವುದಿಲ್ಲ. ಪಿಕಳಾರ (ಬುಲ್‌ಬುಲ್) ಹಕ್ಕಿಗಳು ಲಂಟಾನದ ಕಪ್ಪು ಹಣ್ಣು ತಿಂದು ಯಾವ ಮರದಲ್ಲಿ ಕೂರುತ್ತವೋ ಅದರ ಕೆಳಗೆ ಹೊಸ ಸಸಿ ಏಳುತ್ತವೆ. ಅಲ್ಲಿ ಪ್ರತಿ ವರ್ಷ ಕಿತ್ತು ಹಾಕಬೇಕು. ತಿಂಡಿಯ ನಂತರ ಒಂದು ದೇವರಕಾಡಿನ ಅಂಚಿಗೆ ಕರೆದುಕೊಂಡು ಹೋದರು. ಕೊಡಗಿನಲ್ಲಿ 1,214 ದೇವರಕಾಡುಗಳಿವೆ, ದಾಖಲೆಯಲ್ಲಿ. ಒಳಗೆ ಹೋಗಲಿಲ್ಲ. ಹೊರಗಿನಿಂದಲೇ ವ್ಯತ್ಯಾಸ ಕಾಣುತ್ತಿತ್ತು. ಬಿಸಿಲು ಬೀಳುವ ಅಂಚಿನಲ್ಲಿ ಲಂಟಾನ ಮುಕುರಿದೆ, ನೆರಳು ಗಟ್ಟಿಯಾದ ಕಡೆ ಸೊರಗಿದೆ. ಮರಗಸಿ ಮಾಡುವಾಗ, ಅಂದರೆ ತೋಟದ ನೆರಳಿನ ಮರಗಳನ್ನು ಸವರುವಾಗ, ಕೊಂಬೆ ಉಳಿಸದೆ ಬೋಳಿಸುವವರು ಇದನ್ನು ಒಮ್ಮೆ ನೋಡಬೇಕು. ಆಮೇಲೆ ವರ್ಕ್‌ಶಾಪ್ ನಡೆಸುವಾಕೆಯ ಗಂಡ ಹಕ್ಕಿಗಳ ಬಗ್ಗೆ ಕೊಟ್ಟ ಉಪನ್ಯಾಸ ಉದ್ದವಾಯಿತು, ಬೆವರಿದ ಮೈಗೆ ನಿದ್ದೆ ಬರುವಷ್ಟು.

ನನ್ನ ಮುಖ್ಯ ತಕರಾರು ಇರುವುದು ಕುರ್ಚಿಗೆ ಕಟ್ಟಿದ ಚೀಟಿಯ ಬಗ್ಗೆ. ಕೈಯಿಂದ ಮಾಡಿದ ಕಾಗದ, ಅಂದವಾದ ಅಕ್ಷರ: "ಈ ಕುರ್ಚಿ ಒಂದು ಕಾಡನ್ನು ಉಳಿಸಿದೆ." ಓದಿ ಕೊಂಚ ಕಿರಿಕಿರಿ ಆಯಿತು. ಕುರ್ಚಿಗೆ ಬೇಕಾದದ್ದು ನೆಟ್ಟಗಿನ ಕೋಲು. ನೆಟ್ಟಗಿನ ಕೋಲು ಚೆನ್ನಾಗಿ ಬರುವುದು ಕಡಿದ ಬುಡದ ಹೊಸ ಚಿಗುರಿನಲ್ಲಿ. ಹಾಗಾದರೆ ಬೇರು ಉಳಿದಷ್ಟೂ ಅಂಗಡಿಗೆ ಒಳ್ಳೆಯದು.

"ಬೇರು ಬಿಟ್ಟರೆ ನಿಮಗೇ ಲಾಭ ಅಲ್ವಾ?" ಎಂದು ವರ್ಕ್‌ಶಾಪ್ ನಡೆಸುವಾಕೆಯನ್ನು ನೇರವಾಗಿ ಕೇಳಿದೆ.

ಆಕೆ ತಪ್ಪಿಸಿಕೊಳ್ಳಲಿಲ್ಲ. "ಹೌದು ಆಂಟಿ. ಬೇರು ತೆಗೆಯೋಕೆ ಕೂಲಿ ಬೇಕು. ತೋಟದವರು ಕೂಲಿ ಕೊಟ್ಟರೆ ತೆಗೀತೀವಿ. ಸುಮ್ನೆ ಕಡ್ಕೊಂಡು ಹೋಗಿ ಅಂದ್ರೆ ಕಡ್ಕೊಂಡು ಬರ್ತೀವಿ" ಎಂದು ಒಂದು ನೋಟ್‌ಬುಕ್ ತೆಗೆದು ತೋರಿಸಿದರು. ಬೇರು ಕಿತ್ತ ಜಾಗಗಳು ಒಂದು ಕಡೆ, ಬರೀ ಕೋಲು ಕಡಿದ ಜಾಗಗಳು ಇನ್ನೊಂದು ಕಡೆ. ಎರಡನೇ ಪಟ್ಟಿಯೇ ಉದ್ದ. ಬಿಟ್ಟಿ ಸಿಗುವಾಗ ಕೂಲಿ ಯಾರು ಕೊಡುತ್ತಾರೆ? ನಮ್ಮ ತೋಟದವರ ಬುದ್ಧಿ ನನಗೆ ಗೊತ್ತಿಲ್ಲವೇ.

ಆ ನೋಟ್‌ಬುಕ್ಕನ್ನೇ ಚೀಟಿ ಮಾಡಿ ಎಂದೆ. ಈ ಕುರ್ಚಿಯ ಕೋಲು ಇಂಥ ಊರಿನದು, ಬೇರು ತೆಗೆದಿದೆ ಅಥವಾ ತೆಗೆದಿಲ್ಲ. ಅಷ್ಟು ಬರೆದರೆ ಸಾಕು. ಹತ್ತು ಕೈಯ ಒಂದು ವರ್ಕ್‌ಶಾಪು 643 ಚದರ ಕಿಲೋಮೀಟರ್‌ನ ನಾಗರಹೊಳೆಯನ್ನು ಉಳಿಸಲಿ ಎಂದು ಯಾರೂ ಕೇಳುತ್ತಿಲ್ಲ. ಹಾಡಿಯ ಹತ್ತು ಮಂದಿಗೆ ಮಳೆಗಾಲದಲ್ಲೂ ಸೂರಿನಡಿ ಕೂಲಿ ಸಿಗುತ್ತಿದೆ. ಅದನ್ನು ಬರೆದರೆ ನಾನು ಇನ್ನೂ ಖುಷಿಯಿಂದ ದುಡ್ಡು ಕೊಡುತ್ತೇನೆ. ಯೋಚನೆ ಮಾಡ್ತೀವಿ ಎಂದರು. ಚೀಟಿ ಇನ್ನೂ ಹಳೆಯದೇ ಇದೆ.

ನಮ್ಮ ಗದ್ದೆ ಬದಿಯ ಅಂಚನ್ನು ಕೂಲಿ ಕೊಟ್ಟು ಬೇರುಸಮೇತ ತೆಗೆಸಿದೆ. ಮುಂದಿನ ಮಳೆಗೆ ಲಂಟಾನ ಸಸಿ ಅಷ್ಟಾಗಿ ಬರಲಿಲ್ಲ, ಬದಲಿಗೆ ಕಮ್ಯುನಿಸ್ಟ್ ಗಿಡ ಎಂಬ ಇನ್ನೊಂದು ಕಳೆ ಎದ್ದಿತು. ಅದನ್ನೂ ಕೀಳಿಸಿ ನೇರಳೆ, ಹೊನ್ನೆ, ಅತ್ತಿ ನೆಟ್ಟಿದ್ದೇವೆ. ಹಲಸು ಬೇಡವೇ ಬೇಡ ಎಂದರು ಯಜಮಾನರು. ಹಲಸಿನ ವಾಸನೆಗೆ ಆನೆ ಬರುತ್ತದೆ, ಇರುವ ಕಾಫಿ ಗಿಡವೂ ಹೋಗುತ್ತದೆ.

ಆನೆ ಎಂದಾಗ ನೆನಪಾಯಿತು. ತಮಿಳುನಾಡಿನ ಗೂಡಲೂರು ಕಡೆಯ ಆದಿವಾಸಿ ಕುಶಲಕರ್ಮಿಗಳು ಲಂಟಾನದಲ್ಲಿ ನಿಜವಾದ ಆನೆಯಷ್ಟೇ ದೊಡ್ಡ ಆನೆ ಮಾಡುತ್ತಾರೆ. 2021ರಲ್ಲಿ ಅವು ಲಂಡನ್ ಪಾರ್ಕುಗಳಲ್ಲಿ ನಿಂತಿದ್ದವು. 2024ರಲ್ಲಿ ಲಾಲ್‌ಬಾಗ್‌ಗೂ ಬಂದವು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನ ಪೀಠೋಪಕರಣ ಮಾಡಲು ಶುರು ಮಾಡಿ ಎಷ್ಟೋ ವರ್ಷ ಆಯಿತು. ಹಾಗಾಗಿ ಕೊಡಗಿನ ಈ ಜಾಗ ಹೊಸದೇನನ್ನೂ ಕಂಡುಹಿಡಿದಿಲ್ಲ, ಹಾಗೆಂದು ಹೇಳಿಕೊಳ್ಳುವುದೂ ಇಲ್ಲ. ಲಾಲ್‌ಬಾಗ್ ನೋಡಿ ಬಂದವರು ಇಲ್ಲಿಯೂ ಆನೆ ಮಾಡಿಕೊಡಿ ಎನ್ನುತ್ತಾರಂತೆ. "ನಮ್ಮ ಕಡೆ ಆನೆ ದುಡ್ಡು ಕೊಟ್ಟು ತರೋದಿಲ್ಲ, ಅದೇ ಬರುತ್ತೆ" ಎಂದು ಮೇಸ್ತ್ರಿ ನಗುತ್ತಾರೆ.

ತಗೊಳ್ಳುವವರಿಗೆ ಒಂದೆರಡು ಮಾತು. ಸೆಪ್ಟೆಂಬರ್ ಶುರುವಿನ ಕೈಲ್‌ಪೊಳ್ದ್ ಹಬ್ಬ ಮುಗಿಯುತ್ತಲೇ ಆರ್ಡರ್ ಕೊಡಿ. ಕುಯ್ಲು ಶುರುವಾದ ಮೇಲೆ ಕೊಟ್ಟರೆ ಮಾರ್ಚ್ ತನಕ ಕಾಯಬೇಕು. ಕುರ್ಚಿ ಬಂದ ದಿನ ಎಲ್ಲಾ ಕಡೆ ಕೈಯಾಡಿಸಿ ಮೊಳೆ ನೋಡಿ. ಅರ್ಧ ದಿನದ ಕೆಲಸಕ್ಕೆ ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ, ಮುಳ್ಳು. ಮುಂಗಡ ಅರ್ಧ ಕೇಳುತ್ತಾರೆ. ಯುಪಿಐ ಬೋರ್ಡು ಇದೆ, ನೆಟ್‌ವರ್ಕ್ ಬರುವುದಿಲ್ಲ. ನಗದು ಇಟ್ಟುಕೊಂಡೇ ಹೋಗಿ.