ಗೇಮ್ ಲ್ಯಾಗ್ ಆದ್ರೆ ಕೂಲಿಂಗ್ ಪ್ಯಾಡಾ, ಪೇಸ್ಟಾ, ರ‍್ಯಾಮಾ? ಎಲ್ಲಾ ಟ್ರೈ ಮಾಡಿ ನೋಡಿದ್ದು

ನನ್ ಲ್ಯಾಪ್‌ಟಾಪು ಐ5 10300ಎಚ್ ಪ್ರೊಸೆಸರು, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡು, 8 ಜಿಬಿ ರ‍್ಯಾಮು, ಅದೂ ಒಂದೇ ಸ್ಟಿಕ್ಕು. ತುಮಕೂರಲ್ಲಿ ಪಿಜಿ ಹುಡುಗ್ರ ಹತ್ರ ಇದೇ ಥರದ ಸೆಟ್ಟು ಸುಮಾರು ನೋಡಿದೀನಿ, ಅದಕ್ಕೇ ಬರಿತಿದೀನಿ. ಜಿಟಿಎ ಫೈವ್ ಶುರು ಮಾಡ್ದಾಗ 70 ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ತೋರಿಸುತ್ತೆ ಅನ್ನೋ ಲೆಕ್ಕ) ಆರಾಮಾಗಿ ಬರೋದು, ಸ್ವಲ್ಪ ಹೊತ್ತು ಆಗ್ತಿದ್ದಂಗೆ 30ಕ್ಕೆ ಬಿದ್ದು ಮತ್ತೆ ಏರಿ ಮತ್ತೆ ಬಿದ್ದು, ಕಾರ್ ತಿರುಗ್ಸೋದ್ರೊಳಗೆ ಹೋಗಿ ಕಂಬಕ್ಕೆ ಗುದ್ದಿರ್ತಿತ್ತು. ಎಂ.ಜಿ. ರೋಡ್ ಕಡೆ ಒಂದು ಅಂಗಡಿಲಿ ಕೇಳಿದ್ರೆ ಆನ್ ಕೂಡ ಮಾಡ್ದೆ "ವಿಂಡೋಸ್ ಹೊಡ್ಸಿ ಸರ್, ಸರಿಹೋಗ್ತದೆ" ಅಂದ್ರು. ಹೊಡ್ಸಿದ್ದೂ ಆಯ್ತು. ಡೆಸ್ಕ್‌ಟಾಪ್ ಕ್ಲೀನ್ ಆಯ್ತು, ಲ್ಯಾಗ್ ಹಂಗೇ ಇತ್ತು.

ದುಡ್ಡು ಬಿಚ್ಚೋಕೆ ಮುಂಚೆ ಒಂದ್ ಕೆಲಸ ಮಾಡಿ. ಎಚ್‌ಡಬ್ಲ್ಯುಇನ್ಫೋ ಅನ್ನೋ ಸಾಫ್ಟ್‌ವೇರ್ ಹಾಕ್ಕೊಂಡು ಸಿಪಿಯು (ಪ್ರೊಸೆಸರ್) ಟೆಂಪರೇಚರ್ ನೋಡಿ, ಎಂಎಸ್ಐ ಆಫ್ಟರ್‌ಬರ್ನರ್‌ನಲ್ಲಿ ಗೇಮ್ ಮೇಲೇ ನಂಬರ್ ಬರೋ ಹಂಗೆ ಮಾಡ್ಕೊಳ್ಳಿ. ಮೊದಲು ಚೆನ್ನಾಗಿದ್ದು ಆಮೇಲೆ ಬಿದ್ರೆ ಬಹುಪಾಲು ಬಿಸಿ. ಮೊದಲಿಂದ್ಲೂ ಕಮ್ಮಿನೇ ಇದ್ರೆ ಗೇಮು ಇಂಟೆಲ್ ಗ್ರಾಫಿಕ್ಸ್ ಮೇಲೆ ಓಡ್ತಿದ್ಯಾ ಅಂತ ನೋಡಿ, ವಿಂಡೋಸ್ ಡಿಸ್‌ಪ್ಲೇ ಸೆಟಿಂಗ್ಸಲ್ಲಿ ಗ್ರಾಫಿಕ್ಸ್ ಅಂತ ಇದೆಯಲ್ಲ, ಅಲ್ಲಿ ಹೈ ಪರ್ಫಾರ್ಮೆನ್ಸ್ ಕೊಡಿ. ಚಾರ್ಜರ್ ತೆಗೆದು ಆಡ್ತಿದ್ರೆ ಇದ್ಯಾವ್ದೂ ಬೇಡ, ಮೊದ್ಲು ಚಾರ್ಜರ್ ಹಾಕಿ ಸ್ವಾಮಿ. ನಂದು 97 ಡಿಗ್ರಿ ತೋರಿಸ್ತಿತ್ತು, ಥರ್ಮಲ್ ಥ್ರಾಟ್ಲಿಂಗ್ ಅನ್ನೋ ಸಾಲಲ್ಲಿ ಕೆಂಪಲ್ಲಿ ಯೆಸ್. ಅಂದ್ರೆ ಸುಟ್ಟೋಗ್ಬಾರ್ದು ಅಂತ ಪ್ರೊಸೆಸರ್ ತಾನೇ ಸ್ಪೀಡ್ ಇಳಿಸ್ಕೊಳ್ತಿದೆ.

ಮೊದ್ಲು ಕೂಲಿಂಗ್ ಪ್ಯಾಡ್ ತಗೊಂಡೆ. ಐದು ಫ್ಯಾನು, ಸುತ್ತ ಬಣ್ಣ ಬಣ್ಣದ ಲೈಟು, ನೋಡೋಕೆ ಗಣೇಶನ ಪೆಂಡಾಲು. 97 ಹೋಗಿ 93 ಆಯ್ತು, ಅಷ್ಟೇ. ಆಮೇಲೆ ಪ್ಯಾಡ್ ತೆಗೆದು ಹಿಂದಿನ ಕಡೆ ಎರಡು ದಪ್ಪ ನೋಟ್‌ಬುಕ್ ಇಟ್ಟು ಎತ್ತಿ ನೋಡಿದ್ರೆ 94. ಆ ಒಂದು ಡಿಗ್ರಿಗೆ ಕೊಟ್ಟ ದುಡ್ಡಲ್ಲಿ ಕ್ಯಾತ್ಸಂದ್ರಕ್ಕೆ ಹೋಗಿ ಫ್ರೆಂಡ್ಸಿಗೆಲ್ಲ ತಟ್ಟೆ ಇಡ್ಲಿ ತಿನ್ನಿಸ್ಬೋದಿತ್ತು. ಹಾಸಿಗೆ ಮೇಲೆ ರಗ್ ಮೇಲೆ ಇಟ್ಕೊಂಡು ಆಡೋರಿಗೆ ಮಾತ್ರ ಏನೋ ಉಪಯೋಗ ಇದೆ, ಕೆಳಗಿನ ಗಾಳಿ ತೂತು ಮುಚ್ಚಲ್ಲ ಅನ್ನೋ ಕಾರಣಕ್ಕೆ.

ನಿಜವಾದ ವಿಷ್ಯ ಇದ್ದಿದ್ದು ಒಳಗೆ. ನಮ್ಮನೆ ಇರೋದು ಬಟವಾಡಿ ಕಡೆ, ಹೈವೇ ಧೂಳು ಕಿಟಕಿ ಹಾಕಿದ್ರೂ ಬರುತ್ತೆ. ಹಿಂದಿನ ಕವರ್ ಬಿಚ್ಚಿ, ಮೊದ್ಲು ಬ್ಯಾಟರಿ ಕನೆಕ್ಟರ್ ತೆಗೆದು (ಇದನ್ನ ಮರೀಬೇಡಿ), ಫ್ಯಾನ್ ಎತ್ತಿ ನೋಡಿದ್ರೆ ಗಾಳಿ ಹೊರಗೆ ಹೋಗೋ ಬಾಯಲ್ಲೇ ಬೂದಿ ಬಣ್ಣದ ಪದರ ಕೂತಿತ್ತು, ಟ್ವೀಜರಲ್ಲಿ ಹಿಡಿದು ಎಳೆದ್ರೆ ಮುರೀದೆ ಉದ್ದಕ್ಕೆ ಒಂದೇ ಪಟ್ಟಿಯಾಗಿ ಬಂತು. ಇಷ್ಟು ದಿನ ಪ್ಯಾಡಿನ ಐದೂ ಫ್ಯಾನು ಊದ್ತಿದ್ದ ಗಾಳಿ ಹೊರಗೆ ಹೋಗೋಕೆ ದಾರಿನೇ ಇರ್ಲಿಲ್ಲ. ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋದು ಇದಕ್ಕೇ ಇರ್ಬೇಕು. ಬ್ಲೋಯರ್ ಹೊಡಿವಾಗ ಫ್ಯಾನ್ ರೆಕ್ಕೆನ ಬೆರಳಲ್ಲಿ ಹಿಡ್ಕೊಳ್ಳಿ, ಸುಮ್ನೆ ಗಿರಗಿರ ತಿರುಗೋಕೆ ಬಿಟ್ರೆ ಹಾಳಾಗ್ಬೋದು. ಪ್ರೊಸೆಸರಿನ ಬಿಸಿನ ಮೇಲಿನ ಲೋಹಕ್ಕೆ ದಾಟಿಸೋ ಹಳೇ ಥರ್ಮಲ್ ಪೇಸ್ಟು ಒಣಗಿ ಪುಡಿ ಆಗಿತ್ತು, ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ ಹೊಸದು ಹಾಕಿದ್ಮೇಲೆ ಅದೇ ಗೇಮು, ಅದೇ ಸೆಟಿಂಗು, 84 ಡಿಗ್ರಿ. 30ಕ್ಕೆ ಬೀಳೋದು ನಿಂತೇ ಹೋಯ್ತು. ಪೇಸ್ಟಿನ ರೇಟು ಪ್ಯಾಡಿನ ರೇಟಿನ ಹತ್ರಕ್ಕೂ ಬರಲ್ಲ. ಕೈ ನಡುಗೋರು ಅಂಗಡಿಗೇ ಕೊಡಿ ಆದ್ರೆ ಮುಂದೆ ನಿಂತು ಮಾಡಿಸ್ಕೊಳ್ಳಿ, ವಾರಂಟಿ ಇದ್ರೆ ಸರ್ವೀಸ್ ಸೆಂಟರಲ್ಲಿ ಕೇಳ್ಕೊಂಡು ಬಿಚ್ಚಿ.

ಬಿಚ್ಚೋಕೆ ಭಯ ಅನ್ನೋರಿಗೆ ಫ್ರೀ ದಾರಿ, ಪವರ್ ಆಪ್ಷನ್ಸಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 99% ಮಾಡೋದು. ಟರ್ಬೋ (ಪ್ರೊಸೆಸರ್ ತಾನೇ ಸ್ಪೀಡ್ ಏರಿಸ್ಕೊಳ್ಳೋದು) ಆಫ್ ಆಗುತ್ತೆ, ನಂದು 4 ಗಿಗಾಹರ್ಟ್ಸ್ ಮೇಲೆ ಹಾರ್ತಿದ್ದಿದ್ದು 2.5ರ ಹತ್ರ ನಿಂತ್ಕೊಳ್ತು, ಬಿಸಿ 72. ಜಿಟಿಎಲಿ 58 ಎಫ್‌ಪಿಎಸ್ ಬಂದ್ರೂ ಏರಿಳಿತ ಇಲ್ಲ, ಆದ್ರೆ ವ್ಯಾಲರೆಂಟ್ ಥರ ಪ್ರೊಸೆಸರ್ ಮೇಲೆ ನಿಂತಿರೋ ಗೇಮಲ್ಲಿ ಹೊಡೆತ ಚೆನ್ನಾಗೇ ಬೀಳುತ್ತೆ. ಕೆಲವು ಲ್ಯಾಪ್‌ಟಾಪಲ್ಲಿ ಆ ಆಪ್ಷನ್ನೇ ಕಾಣಲ್ಲ. ಅಂಡರ್‌ವೋಲ್ಟ್ (ಬಿಸಿ ಇಳಿಸೋಕೆ ಪ್ರೊಸೆಸರಿಗೆ ವೋಲ್ಟೇಜ್ ಕಮ್ಮಿ ಕೊಡೋದು) ಮಾಡೋಣ ಅಂತ ಥ್ರಾಟಲ್‌ಸ್ಟಾಪ್ ಅನ್ನೋ ಸಾಫ್ಟ್‌ವೇರ್ ಹಾಕಿದ್ರೆ ಲಾಕ್ಡ್ ಅಂತ ತೋರಿಸ್ತು. 2019ರಲ್ಲಿ ಪ್ಲಂಡರ್‌ವೋಲ್ಟ್ ಅನ್ನೋ ಸೆಕ್ಯೂರಿಟಿ ತೂತು ಹೊರಬಿದ್ಮೇಲೆ ಸುಮಾರು ಇಂಟೆಲ್ ಲ್ಯಾಪ್‌ಟಾಪಲ್ಲಿ ಅದನ್ನ ಬಯೋಸಲ್ಲೇ ಮುಚ್ಚಿಬಿಟ್ಟಿದಾರೆ.

ಇನ್ನು ರ‍್ಯಾಮು. ಬಿಸಿ ಕಮ್ಮಿ ಆದ್ಮೇಲೂ ಸಿಟಿ ಒಳಗೆ ಜೋರಾಗಿ ಕಾರ್ ನುಗ್ಗಿಸಿದ್ರೆ ಕ್ಷಣ ಕ್ಷಣಕ್ಕೂ ತಡವರಿಸ್ತಿತ್ತು, ಟಾಸ್ಕ್ ಮ್ಯಾನೇಜರ್ ನೋಡಿದ್ರೆ ಕ್ರೋಮು ಡಿಸ್ಕಾರ್ಡು ಎಲ್ಲಾ ಸೇರಿ ಮೆಮೊರಿ 92%. ಅಲ್ಲೇ ಪರ್ಫಾರ್ಮೆನ್ಸ್ ಟ್ಯಾಬಲ್ಲಿ ಎಷ್ಟು ಸ್ಲಾಟ್ ಖಾಲಿ ಅಂತಾನೂ ತೋರ್ಸುತ್ತೆ. ರೈಲು ಹತ್ತಿ ಬೆಂಗಳೂರು ಎಸ್.ಪಿ. ರೋಡಿಗೆ ಹೋಗಿ ಇನ್ನೊಂದು 8 ಜಿಬಿ ತಂದೆ. ಸರಾಸರಿ ಎಫ್‌ಪಿಎಸ್ 70ರಿಂದ 76 ಆಗಿದ್ದು ಅಷ್ಟಕ್ಕಷ್ಟೇ, ಆದ್ರೆ ಆ ತಡವರಿಸೋದು ಮಾಯ. ಒಂದು ಸ್ಟಿಕ್ಕಿಗೆ ಡೇಟಾ ಓಡಾಡೋಕೆ 64 ಬಿಟ್ ದಾರಿ, ಎರಡಾದ್ರೆ 128. ಗ್ರಾಫಿಕ್ಸ್ ಕಾರ್ಡೇ ಇಲ್ದಿರೋ ಲ್ಯಾಪ್‌ಟಾಪಿಗೆ ಇದರ ಲಾಭ ಇನ್ನೂ ಜಾಸ್ತಿ, ಯಾಕಂದ್ರೆ ಅದು ಇದೇ ರ‍್ಯಾಮಲ್ಲೇ ಚಿತ್ರನೂ ಬಿಡಿಸ್ಬೇಕು. ಅಂಗಡಿಯವ್ರು 3200 ಸ್ಪೀಡಿಂದು ಕೊಟ್ರೆ ಗಾಬರಿ ಬೇಡ, ಈ ಪ್ರೊಸೆಸರ್ ಅದನ್ನ 2933ಕ್ಕೇ ಓಡ್ಸುತ್ತೆ. ನಿಮ್ದು ಯಾವ ತಲೆಮಾರಿಂದು, ಡಿಡಿಆರ್4ಆ 5ಆ ಅನ್ನೋದು ಮಾತ್ರ ನೋಡ್ಕೊಂಡು ಹೋಗಿ, ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ.

ನನ್ನ ಕೇಳಿದ್ರೆ ಮೊದ್ಲು ಧೂಳು, ಪೇಸ್ಟು, ಆಮೇಲೆ ರ‍್ಯಾಮು, ಪ್ಯಾಡ್ ಯಾರಾದ್ರೂ ಗಿಫ್ಟ್ ಕೊಟ್ರೆ ನೋಡೋಣ. ರ‍್ಯಾಮು ಬೋರ್ಡಿಗೇ ಬೆಸುಗೆ ಆಗಿರೋ ತೆಳ್ಳನೆ ಲ್ಯಾಪ್‌ಟಾಪ್ ಇರೋರು ಕ್ರೋಮ್ ಮುಚ್ಚಿ, ಎಫ್‌ಪಿಎಸ್ 60ಕ್ಕೆ ಲಾಕ್ ಮಾಡ್ಕೊಂಡು ಆಡಿ.