ಐಸ್ ಹಾಕಿ ಸ್ಟಿಕ್: ತುದಿಯ ಬಾಗೋ, ನಡುವಿನ ಬಾಗೋ?

ರಿಸ್ಟ್ ಶಾಟ್, ಸ್ನ್ಯಾಪ್ ಶಾಟ್ (ಮಣಿಕಟ್ಟು ತಿರುಗಿಸಿ ಹೊಡೆಯುವ ಚುರುಕು ಹೊಡೆತಗಳು) ಹೆಚ್ಚು ಹೊಡೆಯುವವರಿಗೆ ಬ್ಲೇಡಿನ (ಸ್ಟಿಕ್ಕಿನ ಕೆಳಗಿನ ಚಪ್ಪಟೆ ಭಾಗ) ತುದಿಯಲ್ಲಿ ಬಾಗಿರುವ ಪಿ28 ಮಾದರಿ ಹೊಂದುತ್ತದೆ. ಪಕ್ (ಆಟದ ರಬ್ಬರ್ ಬಿಲ್ಲೆ) ತುದಿಯಿಂದಲೇ ಚಿಮ್ಮುತ್ತದೆ, ಗೋಲ್ ಹತ್ತಿರವಿದ್ದರೂ ಬೇಗ ಮೇಲೇಳುತ್ತದೆ. ಆದರೆ ಬ್ಲೇಡಿನ ಹಿಂಬದಿಯಿಂದ ಕೊಡುವ ಬ್ಯಾಕ್‌ಹ್ಯಾಂಡ್ ಪಾಸ್ ಜಾರುತ್ತದೆ, ಸ್ಟಿಕ್ ಹಿಂದಕ್ಕೆತ್ತಿ ಬೀಸಿ ಹೊಡೆಯುವ ಸ್ಲ್ಯಾಪ್ ಶಾಟ್ ಗೋಲಿನ ಮೇಲಿಂದ ಹಾರುತ್ತದೆ. ನಡುವಿನಲ್ಲಿ ಬಾಗಿದ ಪಿ88 ಇದಕ್ಕೆ ತದ್ವಿರುದ್ಧ: ಹೊಡೆತ ತಗ್ಗಿನಲ್ಲಿ ಹೋಗುತ್ತದೆ, ಬ್ಯಾಕ್‌ಹ್ಯಾಂಡ್ ನಂಬಬಹುದು. ಇನ್ನೂ ತೀರ್ಮಾನವಾಗದವರು ಪಿ92 ಹಿಡಿಯಲಿ. ಎರಡರ ಗುಣವೂ ಒಂದಿಷ್ಟಿದೆ.

ಬಾಗಿಗಿಂತ ಹೆಚ್ಚು ಜನ ಎಡವುವುದು ಶಾಫ್ಟಿನ (ಸ್ಟಿಕ್ಕಿನ ಉದ್ದನೆಯ ಹಿಡಿ) ಫ್ಲೆಕ್ಸ್‌ನಲ್ಲಿ, ಅಂದರೆ ಅದು ಎಷ್ಟು ಗಟ್ಟಿ ಎಂದು ಹೇಳುವ ಅಂಕಿಯಲ್ಲಿ. ಪೌಂಡ್ ಲೆಕ್ಕದ ದೇಹತೂಕದ ಅರ್ಧ, ಇದು ಸ್ಥೂಲ ಲೆಕ್ಕ. 77 ಕಿಲೋ ಎಂದರೆ ಸುಮಾರು 170 ಪೌಂಡ್, ಹಾಗಾಗಿ 85. ಗಟ್ಟಿ ಶಾಫ್ಟ್ ಬಲ ಕೊಡುತ್ತದೆಂಬುದು ಭ್ರಮೆ. ಬಗ್ಗಿಸಲಾಗದ ಶಾಫ್ಟಿನಲ್ಲಿ ಹೊಡೆತ ಸತ್ತೇ ಹೋಗುತ್ತದೆ. ಮೇಲಿನಿಂದ ಎರಡು ಇಂಚು ಕತ್ತರಿಸಿದರೂ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಉದ್ದ ಕಡಿಮೆ ಮಾಡುವುದಿದ್ದರೆ ಮೊದಲೇ ಒಂದು ಮೆಟ್ಟಿಲು ಮೆತ್ತನೆಯದನ್ನು ಕೊಳ್ಳಿ.

ಶಾಫ್ಟ್ ಕೆಳಭಾಗದಲ್ಲಿ ಬಗ್ಗಿದರೆ ಪಕ್ ಥಟ್ಟನೆ ಬಿಡುತ್ತದೆ, ಪಿ28ಗೆ ತಕ್ಕ ಜೋಡಿ. ನಡುವೆ ಬಗ್ಗುವುದು ನೀಲಿ ಗೆರೆಯಿಂದ ಸ್ಲ್ಯಾಪ್ ಶಾಟ್ ಹೊಡೆಯುವ ಡಿಫೆನ್ಸ್ ಆಟಗಾರರಿಗೆ.

ಲೈ, ಅಂದರೆ ಬ್ಲೇಡಿಗೂ ಶಾಫ್ಟಿಗೂ ನಡುವಿನ ಕೋನದ ಅಂಕಿ (ಹೆಚ್ಚಿದಷ್ಟೂ ಶಾಫ್ಟ್ ನೆಟ್ಟಗೆ), ಸರಿಯಿದೆಯೇ ಎಂದು ಬ್ಲೇಡಿನ ಟೇಪೇ ಹೇಳುತ್ತದೆ. ತುದಿಯಲ್ಲಿ ಸವೆದಿದ್ದರೆ ಹೆಚ್ಚಿನ ಲೈ ಬೇಕು, ಹಿಮ್ಮಡಿಯಲ್ಲಿ (ಶಾಫ್ಟ್ ಸೇರುವ ಕಡೆ) ಸವೆದಿದ್ದರೆ ಕಡಿಮೆಯದು.